ಕನಸು ಯಮನ ಓಲೆಯಲ್ಲ

ಮನುಷ್ಯನು ಎಚ್ಚರವಿದ್ದಾಗ ಲೋಕದ ಮಾತು ಕೇಳುತ್ತಾನೆ. ನಿದ್ರಿಸಿದಾಗ ತನ್ನೊಳಗಿನ ಮಾತು ಕೇಳುತ್ತಾನೆ. ಆ ಒಳಮಾತಿಗೆ ಕನಸು ಎಂದು ಹೆಸರು. ಮಾಂಡೂಕ್ಯ ಉಪನಿಷತ್ತು 12 ಮಂತ್ರಗಳಷ್ಟೇ ಇರುವ ಚಿಕ್ಕ ಗ್ರಂಥ. ಅದರಲ್ಲಿ ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ಆತ್ಮನ ನಾಲ್ಕು ಪಾದಗಳನ್ನು ಹೇಳಿದೆ. ಋಷಿಗಳು ಕನಸನ್ನು ಕೆಲಸಕ್ಕೆ ಬಾರದ್ದೆಂದು ತಳ್ಳಲಿಲ್ಲ. ಹಾಗೆಂದು ಅದನ್ನು ತಲೆಯ ಮೇಲೆ ಹೊತ್ತು ಕುಣಿಯಲೂ ಇಲ್ಲ. ಈ ಎರಡರ ನಡುವಿನ ಹಾದಿಯೇ ಇಂದಿನ ನಮ್ಮ ಚಿಂತನೆಯ ವಿಷಯ.

ಶ್ರೀಮಠಕ್ಕೆ ಬರುವ ಭಕ್ತರು ಮಳೆ-ಬೆಳೆ, ಮಕ್ಕಳ ಮದುವೆ, ಹೊಲದ ವ್ಯಾಜ್ಯಗಳನ್ನು ಎಲ್ಲರ ಎದುರಿಗೇ ಕೇಳುತ್ತಾರೆ. ಕನಸಿನ ಮಾತನ್ನು ಮಾತ್ರ ಎಲ್ಲರೂ ಎದ್ದು ಹೋದ ಮೇಲೆ, ಹತ್ತಿರ ಸರಿದು, ದನಿ ತಗ್ಗಿಸಿ ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಅರವತ್ತು ದಾಟಿದ ಹಿರಿಯರು. "ಅಪ್ಪಾರ, ತೀರಿಕೊಂಡಾಕಿ ಮೂರು ದಿನದಿಂದ ಕನಸಿನ್ಯಾಗ ಬಂದು ಕರೀಲಿಕ್ಕತ್ಯಾಳ್ರಿ. ನಂದೂ ವ್ಯಾಳ್ಯಾ ಬಂತೇನ್ರಿ?" ಎನ್ನುವಾಗ ಅವರ ಕಣ್ಣಿನಲ್ಲಿ ಕಾಣುವ ಭಯ ಸಣ್ಣದಲ್ಲ. ಆ ಭಯಕ್ಕೆ ಊಟ ಬಿಟ್ಟವರನ್ನು ನಾವು ಕಂಡಿದ್ದೇವೆ. ಶಾಂತಿ ಮಾಡಿಸುತ್ತೇವೆಂದು ಸಾಲ ಮಾಡಿ ಎತ್ತು ಮಾರಿದವರನ್ನೂ ಕಂಡಿದ್ದೇವೆ. ಅಂಥ ಭಯವನ್ನು ನಾವೇ ಒಮ್ಮೆ ಒಬ್ಬ ತಾಯಿಯ ಎದೆಯಲ್ಲಿ ಬಿತ್ತಿದ್ದುಂಟು. ಅದನ್ನು ಮೊದಲು ಹೇಳಿ ಮುಂದಿನ ಮಾತಿಗೆ ಹೋಗುತ್ತೇವೆ.

ಐದನೆಯ ಅಧ್ಯಾಯ, ಹನ್ನೆರಡನೆಯ ಅಧ್ಯಾಯ

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾವಿನ್ನೂ ಮರಿದೇವರು. ಕಾಶಿಯಲ್ಲಿ ಸಂಸ್ಕೃತ ಓದು ಮುಗಿಸಿ ಆಗತಾನೆ ಮಠಕ್ಕೆ ಮರಳಿದ್ದೆವು. ಓದಿನ ಬಿಸಿ ಇನ್ನೂ ಆರಿರಲಿಲ್ಲ. ಒಂದು ದಿನ ಹತ್ತಿರದ ಹಳ್ಳಿಯ ಒಬ್ಬ ವೃದ್ಧ ತಾಯಿ ಬಂದು, "ಮೈತುಂಬ ಎಣ್ಣಿ ಹಚ್ಚಿಕೊಂಡು ತೆಂಕಣ ದಿಕ್ಕಿಗೆ ನಡಕೋತ ಹೊಂಟಿದ್ದೆ, ಹಂಗ ಕನಸು ಬಿತ್ತರೀ ಯಪ್ಪಾ" ಎಂದಳು. ನಾವು ಹಿಂದೆಮುಂದೆ ನೋಡದೆ ಶಾಸ್ತ್ರ ಹೇಳಿದೆವು. ಎಣ್ಣೆ ಅಶುಭ, ದಕ್ಷಿಣ ಯಮನ ದಿಕ್ಕು, ಇಂಥ ಕನಸು ಒಳ್ಳೆಯದಲ್ಲ ಎಂದುಬಿಟ್ಟೆವು. ಆಕೆ ನಮಸ್ಕರಿಸಿ ಎದ್ದು ಹೋದಳು.

ಹತ್ತು ದಿನಗಳಾದ ಮೇಲೆ ಆಕೆಯ ಮಗ ಮಠಕ್ಕೆ ಬಂದ. ತಾಯಿ ಕೌದಿ ಹೊದ್ದು ಮಲಗಿದ್ದಾಳೆ, ಅನ್ನ ಮುಟ್ಟುತ್ತಿಲ್ಲ, ಕೊನೆಯ ವಿಭೂತಿ ಹಚ್ಚಲು ಅಪ್ಪಗಳು ಬರಬೇಕು ಎಂದು ಕೇಳಿಕೊಂಡ. ಲಿಂಗೈಕ್ಯ ಹಿರಿಯ ಗುರುಗಳು ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡು ನಮ್ಮನ್ನು ಕರೆದರು. ಸಿಟ್ಟು ಮಾಡಲಿಲ್ಲ. "ಮರೀ, ಚರಕನ ಇಂದ್ರಿಯಸ್ಥಾನದಾಗ ಐದನೇ ಅಧ್ಯಾಯ ಓದಿ ಬಂದೀ. ಹನ್ನೆರಡನೇದು ಓದೀಯೇನು?" ಎಂದು ಕೇಳಿದರು. ನಾವು ಸುಮ್ಮನೆ ನಿಂತೆವು.

ಇಂದ್ರಿಯಸ್ಥಾನವೆಂದರೆ ಚರಕ ಸಂಹಿತೆಯಲ್ಲಿ ಮರಣದ ಲಕ್ಷಣಗಳನ್ನು ವಿವರಿಸುವ ಭಾಗ. ಅದರಲ್ಲಿ 12 ಅಧ್ಯಾಯಗಳಿವೆ. ಐದನೆಯದರಲ್ಲಿ ಯಾವ ರೋಗಕ್ಕೆ ಯಾವ ಕನಸು ಮುನ್ಸೂಚನೆ ಎಂಬುದಿದೆ. ಕೊನೆಯ ಅಧ್ಯಾಯದಲ್ಲಿ ಆಚಾರ್ಯರು ವೈದ್ಯನಿಗೆ ಒಂದು ಕಟ್ಟಳೆ ಹಾಕಿದ್ದಾರೆ: ಮರಣದ ಚಿಹ್ನೆ ಕಣ್ಣಿಗೆ ಕಂಡರೂ ಕೇಳದೆ ಹೇಳಬಾರದು, ಕೇಳಿದರೂ, ಹೇಳುವುದರಿಂದ ರೋಗಿಗಾಗಲಿ ಅವನ ಮನೆಯವರಿಗಾಗಲಿ ಆಘಾತವಾಗುವಂತಿದ್ದರೆ ಹೇಳಬಾರದು. ಹನ್ನೊಂದು ಅಧ್ಯಾಯಗಳ ವಿದ್ಯೆಗೆ ಹನ್ನೆರಡನೆಯದರಲ್ಲಿ ಕರುಣೆಯ ಬೀಗ ಹಾಕಿದ್ದಾರೆ. ನಾವು ಬೀಗವಿಲ್ಲದ ವಿದ್ಯೆಯನ್ನು ಹೊತ್ತು ತಿರುಗುತ್ತಿದ್ದೆವು.

ಗುರುಗಳ ಅಪ್ಪಣೆಯಂತೆ ಅಂದೇ ಆ ಹಳ್ಳಿಗೆ ನಡೆದು ಹೋದೆವು. ತಾಯಿಯ ಹತ್ತಿರ ಕುಳಿತು, "ಅವ್ವಾ, ನಾವು ಹೇಳಿದ್ದು ತಪ್ಪಾತು" ಎಂದೆವು. ಆ ಕನಸು ಬೀಳುವ ಮುಂಚೆ ಏನೇನು ನಡೆದಿತ್ತು ಎಂದು ಮೊದಲೇ ಕೇಳಬೇಕಾದದ್ದನ್ನು ಆಗ ಕೇಳಿದೆವು. ಅವಳ ಕಿರಿಮಗಳು ಬಾಣಂತಿ. ಒಂದು ತಿಂಗಳು ದಿನವೂ ಕೂಸಿಗೂ ಬಾಣಂತಿಗೂ ಎಣ್ಣೆ ತಿಕ್ಕಿ ಎರೆದಿದ್ದಾಳೆ. ಮಗಳನ್ನು ಗಂಡನ ಮನೆಗೆ ಕಳಿಸಿ ಎರಡು ದಿನವಾಗಿತ್ತು. ಆ ಊರು ಇವರ ಹಳ್ಳಿಗೆ ತೆಂಕಣಕ್ಕಿದೆ! ಕೈಗೆ ಹತ್ತಿದ ಎಣ್ಣೆ, ಮೊಮ್ಮಗನ ಮೇಲಿನ ಹಂಬಲ ಎರಡೂ ಕೂಡಿ ಕನಸಾಗಿದ್ದವು. ಯಮನಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವಳು ನಮ್ಮೆದುರಿಗೆ ಅರ್ಧ ಬಟ್ಟಲು ಅಂಬಲಿ ಕುಡಿಯುವವರೆಗೂ ನಾವು ಏಳಲಿಲ್ಲ. ಆ ತಾಯಿ ಮುಂದೆ ಒಂಬತ್ತು ವರ್ಷ ಬದುಕಿ, ಆ ಮೊಮ್ಮಗನನ್ನು ಶಾಲೆಗೆ ಕಳಿಸಿದಳು.

ಶಾಸ್ತ್ರ ನಿಜವಾಗಿ ಹೇಳುವುದೇನು?

ಚರಕಾಚಾರ್ಯರು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು - ಇವು ಐದು. ಆರನೆಯದು ಭಾವಿಕ, ಎಂದರೆ ಮುಂದಾಗುವುದನ್ನು ಸೂಚಿಸುವುದು. ಏಳನೆಯದು ದೋಷಜ, ಎಂದರೆ ಶರೀರದ ವಾತ ಪಿತ್ತ ಕಫಗಳು ಕೆರಳಿದಾಗ ಹುಟ್ಟುವುದು. ಮೊದಲ ಐದು ಬಗೆಯ ಕನಸುಗಳಿಗೆ ಫಲವಿಲ್ಲ ಎಂದು ಅವರೇ ಹೇಳಿದ್ದಾರೆ. ಹಗಲು ಬಿದ್ದ ಕನಸಿಗೂ, ತೀರ ಚಿಕ್ಕ ಅಥವಾ ತೀರ ಉದ್ದವಾದ ಕನಸಿಗೂ ಫಲವಿಲ್ಲ. ಕೆಟ್ಟ ಕನಸಿನ ಹಿಂದೆಯೇ ಒಳ್ಳೆಯ ಕನಸು ಬಿದ್ದರೆ ಒಳ್ಳೆಯದೇ ಫಲ. ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವುದು ಹಿಡಿಯಷ್ಟು. ಅದರಲ್ಲಿಯೂ ಘೋರ ಸ್ವಪ್ನವನ್ನು ರೋಗಿ ಕಂಡರೆ ಕೇಡು, ನಿರೋಗಿ ಕಂಡರೆ ಸಂಶಯಕ್ಕೊಳಗಾದರೂ ಪಾರಾಗುವುದುಂಟು ಎಂದಿದ್ದಾರೆ. ಅಂದರೆ ಅವರ ದೃಷ್ಟಿ ಮೊದಲು ರೋಗದ ಮೇಲೆ, ಆಮೇಲೆ ಕನಸಿನ ಮೇಲೆ.

ಸುಶ್ರುತಾಚಾರ್ಯರು ಇನ್ನೊಂದು ಸೂಕ್ಷ್ಮ ಹೇಳಿದ್ದಾರೆ. ವಾತ ಪ್ರಕೃತಿಯವರು ಕನಸಿನಲ್ಲಿ ಆಕಾಶದಲ್ಲಿ ಹಾರುತ್ತಾರೆ. ಪಿತ್ತ ಪ್ರಕೃತಿಯವರು ಬೆಂಕಿ, ಮಿಂಚು, ಬಂಗಾರ ಕಾಣುತ್ತಾರೆ. ಕಫ ಪ್ರಕೃತಿಯವರು ಕೆರೆ, ತಾವರೆ, ಹಂಸಗಳನ್ನು ಕಾಣುತ್ತಾರೆ. ಅವರವರ ಪ್ರಕೃತಿಗೆ ತಕ್ಕಂತೆ ಬಿದ್ದ ಕನಸು ನಿಷ್ಫಲವೆಂದೂ ಹೇಳಿದ್ದಾರೆ.

ವಾಲ್ಮೀಕಿ ರಾಮಾಯಣದಲ್ಲಿ ಕೇಕಯ ದೇಶದಲ್ಲಿದ್ದ ಭರತನಿಗೆ, ತಂದೆ ದಶರಥನು ಎಣ್ಣೆ ಕುಡಿದು, ಕತ್ತೆ ಹೂಡಿದ ರಥವೇರಿ ದಕ್ಷಿಣಕ್ಕೆ ಹೋದಂತೆ ಕನಸು ಬೀಳುತ್ತದೆ. ಲಂಕೆಯಲ್ಲಿ ತ್ರಿಜಟೆ ಕಂಡ ಕನಸಿನಲ್ಲಿ ರಾವಣನೂ ಎಣ್ಣೆ ಬಳಿದುಕೊಂಡು ಅದೇ ದಕ್ಷಿಣ ದಿಕ್ಕಿಗೆ ಹೊರಟಿದ್ದಾನೆ. ವೈದ್ಯನ ಗ್ರಂಥದಲ್ಲಿರುವ ಚಿಹ್ನೆಗಳೇ ಕವಿಯ ಕಾವ್ಯದಲ್ಲಿಯೂ ಇವೆ. ಆದರೆ ಕವಿ ಹೇಳುವುದು ಕಥೆ ನಡೆಯಲೆಂದು; ವೈದ್ಯ ಹೇಳುವುದು ರೋಗಿ ಉಳಿಯಲೆಂದು. ನಮ್ಮ ಜನ ಕವಿಯ ಕನಸನ್ನು ನೆನಪಿಟ್ಟರು, ವೈದ್ಯನ ಜರಡಿಯನ್ನು ಮರೆತರು.

ನಮ್ಮ ದೇಶದಲ್ಲಿ ಮಾತ್ರ ಹೀಗಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸ್ ದೇಶದ ಅರಿಸ್ಟಾಟಲನು ಇದೇ ವಿಷಯವನ್ನು ಕುರಿತು ಬರೆದಿದ್ದಾನೆ. ಹಗಲಿನ ಗದ್ದಲದಲ್ಲಿ ಕೇಳಿಸದ ಶರೀರದ ಸಣ್ಣ ಅಲುಗಾಟ ರಾತ್ರಿಯ ಮೌನದಲ್ಲಿ ದೊಡ್ಡದಾಗಿ ಕೇಳಿಸುತ್ತದೆ. ಕಿವಿಯಲ್ಲಿ ಸಣ್ಣ ಸದ್ದಾದರೆ ಕನಸಿನಲ್ಲಿ ಗುಡುಗು, ಮೈಗೆ ತುಸು ಬಿಸಿ ತಗುಲಿದರೆ ಬೆಂಕಿಯ ಮೇಲೆ ನಡೆದಂತೆ. ಹಾಗೆಯೇ ರೋಗದ ಮೊದಲ ಮೊಳಕೆಯೂ ಕನಸಿನಲ್ಲಿ ತೋರಬಹುದು ಎಂಬುದು ಅವನ ವಿಚಾರ.

ಇಂದಿನ ವೈದ್ಯರು ಕಂಡದ್ದು

1953ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು, ನಿದ್ರೆಯಲ್ಲಿ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಓಡಾಡುವ ಒಂದು ಹಂತವಿದೆಯೆಂದು ಕಂಡುಹಿಡಿದರು. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಬಹಳ ಜನ ಕನಸು ಕಾಣುತ್ತಿದ್ದೆವು ಎನ್ನುತ್ತಾರೆ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಬರುವ ಈ ಹಂತ ಬೆಳಗಾಗುತ್ತ ಬಂದಂತೆ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ಹೆಚ್ಚು ಸ್ಪಷ್ಟವಾಗಿ ನೆನಪಿರುವುದು ಇದಕ್ಕಾಗಿ. ನೆನಪಿರುತ್ತದೆ ಎಂದ ಮಾತ್ರಕ್ಕೆ ನಿಜವಾಗುತ್ತದೆ ಎಂದಲ್ಲ.

ಈ ಕನಸಿನ ಹಂತದಲ್ಲಿ ಭಗವಂತನು ಒಂದು ಜಾಣತನ ಮಾಡಿದ್ದಾನೆ. ಕೈಕಾಲುಗಳ ಸ್ನಾಯು ಸಡಿಲಾಗಿ ಬಿದ್ದಿರುತ್ತವೆ. ಆದ್ದರಿಂದ ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಓಡುವುದಿಲ್ಲ. ಕೆಲವರಲ್ಲಿ, ಅದರಲ್ಲಿಯೂ ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚಾಗಿ, ಈ ಕಟ್ಟು ಬಿಚ್ಚಿಹೋಗುತ್ತದೆ. ಆಗ ಕನಸಿನಲ್ಲಿ ಕಂಡದ್ದನ್ನು ಮೈ ಮಾಡತೊಡಗುತ್ತದೆ.

ಕೆಲ ವರ್ಷಗಳ ಹಿಂದೆ ಒಬ್ಬ ತಾಯಿ ಬಾತ ಕೆನ್ನೆಯನ್ನು ಸೆರಗಿನಿಂದ ಮುಚ್ಚಿಕೊಂಡು ಮಠಕ್ಕೆ ಬಂದಿದ್ದಳು. "ಅವ್ರು ಕೆಟ್ಟವ್ರಲ್ಲರೀ ಅಪ್ಪಾರ. ಹಗಲೆಲ್ಲ ದೇವರಂಥಾವ್ರು. ರಾತ್ರಿ ನಿದ್ದಿಗಣ್ಣಾಗ ಹೊಡೀತಾರ್ರಿ" ಎಂದು ಅತ್ತಳು. ಊರಿನಲ್ಲಿ ಅರ್ಧ ಜನ ಮುದುಕನಿಗೆ ಗಾಳಿ ಸೋಕಿದೆ ಎಂದರು. ಉಳಿದರ್ಧ ಈ ವಯಸ್ಸಿನಲ್ಲಿ ಹೆಂಡತಿಗೆ ಹೊಡೆಯುತ್ತಾನೆಂದು ಛೀಮಾರಿ ಹಾಕಿದರು. ಯಜಮಾನರನ್ನು ಕರೆಸಿ ಕೇಳಿದೆವು. "ಕನಸಿನ್ಯಾಗ ಹೋರಿ ಹಾಯಾಕ ಬರ್ತದ್ರಿ, ನಾ ಅದನ್ನ ತಡೀತೀನಿ. ಎಚ್ಚರಾದಾಗ ಈಕಿ ಅಳ್ಕೋತ ಕುಂತಿರ್ತಾಳ" ಎಂದು ಅವರೂ ಕಣ್ಣೀರು ಹಾಕಿದರು. ತಾಯತ ಕಟ್ಟಲಿಲ್ಲ. ಹುಬ್ಬಳ್ಳಿಗೆ ಹೋಗಿ ನರರೋಗ ತಜ್ಞರಿಗೆ ತೋರಿಸಿರೆಂದು ಕಳಿಸಿದೆವು.

ಇದು ವೈದ್ಯರಿಗೆ ಗೊತ್ತಿರುವ ರೋಗ. 1986ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ವೈದ್ಯರು ಇದನ್ನು ಮೊದಲಿಗೆ ವಿವರವಾಗಿ ಬರೆದರು. 2019ರಲ್ಲಿ ಹಲವು ದೇಶಗಳ 24 ಕೇಂದ್ರಗಳು ಕೂಡಿ ಇಂಥ 1280 ರೋಗಿಗಳ ಸ್ಥಿತಿಯನ್ನು ಗಮನಿಸಿ ಲೆಕ್ಕ ಪ್ರಕಟಿಸಿದವು. 12 ವರ್ಷಗಳ ಹೊತ್ತಿಗೆ ಅವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನರಿಗೆ ಪಾರ್ಕಿನ್ಸನ್ ಎಂಬ ಕಂಪವಾತ ಅಥವಾ ಅದೇ ಬಳಗದ ಮರೆವಿನ ರೋಗ ಬರುತ್ತದೆಂದು ಆ ಲೆಕ್ಕ ಹೇಳುತ್ತದೆ. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಕನಸು ನಡುಗಿರುತ್ತದೆ! ನಮ್ಮ ಯಜಮಾನರಿಗೂ ಮೂರನೆಯ ವರ್ಷ ಬಲಗೈ ನಡುಗತೊಡಗಿತು. ಮೊದಲಿನಿಂದ ವೈದ್ಯರ ಕಣ್ಣಿನಲ್ಲಿದ್ದುದರಿಂದ ತಡವಿಲ್ಲದೆ ಔಷಧ ಸಿಕ್ಕಿತು. ಅದಕ್ಕಿಂತ ದೊಡ್ಡ ಲಾಭವೆಂದರೆ ಗಂಡಹೆಂಡಿರ ನಡುವೆ ಬೆಳೆದಿದ್ದ ಸಂಶಯ ಕರಗಿತು. ಒಮ್ಮೆ ನಿದ್ದೆಯಲ್ಲಿ ಕನವರಿಸಿದವರೆಲ್ಲ ಹೆದರಬೇಕಾಗಿಲ್ಲ. ಮನಸ್ಸಿನ ರೋಗಕ್ಕೆ ಕೊಡುವ ಕೆಲವು ಗುಳಿಗೆಗಳಿಂದಲೂ ಹೀಗಾಗುವುದುಂಟು. ಆದರೆ ಮೇಲಿಂದ ಮೇಲೆ ಒದೆಯುವುದು, ಗುದ್ದುವುದು, ಹಾಸಿಗೆಯಿಂದ ಬೀಳುವುದು ನಡೆದರೆ ತಜ್ಞರಿಗೆ ತೋರಿಸಬೇಕು. ಅಲ್ಲಿಯವರೆಗೆ ಹಾಸಿಗೆಯನ್ನು ನೆಲಕ್ಕೆ ಹಾಸಿರಿ. ಕುಡುಗೋಲು, ಕೊಡಲಿ, ಕಂದೀಲು ಹತ್ತಿರ ಇಡಬೇಡಿರಿ.

ಇನ್ನೂ ಕೆಲವು ಸೂಚನೆಗಳನ್ನು ಹಿರಿಯರು ತಿಳಿದಿರಬೇಕು. ನೀರಿನಲ್ಲಿ ಮುಳುಗಿದಂತೆ, ಯಾರೋ ಎದೆಯ ಮೇಲೆ ಕುಳಿತು ಕತ್ತು ಹಿಸುಕಿದಂತೆ ಕನಸು ಬಿದ್ದು ಉಸಿರಿಗಾಗಿ ಒದ್ದಾಡಿ ಏಳುವವರು, ಜೋರಾಗಿ ಗೊರಕೆ ಹೊಡೆಯುವವರು, ಹಗಲು ಕುಳಿತಲ್ಲೇ ತೂಕಡಿಸುವವರು ಆಗಿದ್ದರೆ ಅದು ನಿದ್ರೆಯಲ್ಲಿ ಉಸಿರು ಕಟ್ಟುವ ರೋಗವಾಗಿರಬಹುದು. ಅದು ರಕ್ತದೊತ್ತಡವನ್ನೂ ಹೆಚ್ಚಿಸುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ರಾತ್ರಿ ಭಯಂಕರ ಕನಸು ಕಂಡು, ಮೈಯೆಲ್ಲ ಬೆವೆತು, ಬೆಳಿಗ್ಗೆ ತಲೆನೋವಿನಿಂದ ಏಳುತ್ತಿದ್ದರೆ ರಾತ್ರಿ ಸಕ್ಕರೆ ತೀರ ಇಳಿಯುತ್ತಿರಬಹುದು. ತಪ್ಪದೆ ವೈದ್ಯರಿಗೆ ಹೇಳಬೇಕು. ಬಿ.ಪಿ. ಮತ್ತು ಹೃದಯಕ್ಕೆಂದು ಕೊಡುವ ಕೆಲವು ಗುಳಿಗೆಗಳಿಂದಲೂ ಕೆಟ್ಟ ಕನಸು ಬೀಳುವುದುಂಟು. ಹಾಗೆಂದು ಗುಳಿಗೆಯನ್ನು ತಾವಾಗಿಯೇ ಬಿಡಬಾರದು, ಕೊಟ್ಟವರನ್ನೇ ಕೇಳಬೇಕು. ಬಹಳ ವರ್ಷ ಸೆರೆ ಕುಡಿದವರು ಒಮ್ಮೆಲೆ ಬಿಟ್ಟಾಗ ಘೋರ ಕನಸು, ಕೈ ನಡುಕ, ಇಲ್ಲದ್ದು ಕಂಡಂತಾಗುವುದು ಪ್ರಾಣಕ್ಕೇ ಅಪಾಯ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕನಸಿನಿಂದ ಎಚ್ಚರಾದಾಗ ಎದೆನೋವು, ದಮ್ಮು ಇದ್ದರೆ ಕನಸಿನ ಅರ್ಥ ಹುಡುಕುತ್ತ ಕೂಡದೆ ಗಾಡಿ ಹುಡುಕಬೇಕು.

ಸತ್ತವರು ಬಂದರೆ?

ತೀರಿಕೊಂಡ ತಾಯಿತಂದೆ, ಗಂಡಹೆಂಡಿರು ಕನಸಿನಲ್ಲಿ ಬಂದರೆ ಕರೆಯಲು ಬಂದರೆಂದು ಅಂಜುವವರೇ ಹೆಚ್ಚು. ಐವತ್ತು ವರ್ಷ ಒಂದೇ ಒಲೆಯ ರೊಟ್ಟಿ ತಿಂದವರು ಕನಸಿನಲ್ಲಿ ಬಾರದೆ ಮತ್ತೆ ಯಾರು ಬರಬೇಕು? ಅದು ಪ್ರೀತಿಯ ನೆನಪು. ಆರೋಗ್ಯವಾಗಿ ಉಂಡುಟ್ಟು ಓಡಾಡುವವರಿಗೆ ಅಂಥ ಕನಸು ಮರಣಸೂಚನೆ ಅಲ್ಲವೇ ಅಲ್ಲ.

ಆದರೆ ಮಾಗಿದ ವಯಸ್ಸಿನಲ್ಲಿ, ವಾಸಿಯಾಗದ ರೋಗದಲ್ಲಿ ಮಲಗಿದವರ ಮಾತು ಬೇರೆ. ಅಮೆರಿಕದ ಬಫಲೋ ನಗರದಲ್ಲಿ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಒಂದು ಶುಶ್ರೂಷಾಲಯವಿದೆ. ಅಲ್ಲಿಯ ವೈದ್ಯ ಕ್ರಿಸ್ಟೋಫರ್ ಕೆರ್ ಮತ್ತು ಅವರ ಸಂಗಡಿಗರು 59 ರೋಗಿಗಳ ಹತ್ತಿರ ಕುಳಿತು ಅವರ ಕನಸುಗಳನ್ನು ಕೇಳಿ ಬರೆದುಕೊಂಡರು. 2014ರಲ್ಲಿ ಅದು ಪ್ರಕಟವಾಯಿತು. ನೂರಕ್ಕೆ 88ರಂತೆ ರೋಗಿಗಳು ಇಂಥ ಕನಸು ಅಥವಾ ದರ್ಶನ ಕಂಡಿದ್ದರು. ಅಂತ್ಯ ಸಮೀಪಿಸಿದಂತೆ ಅವು ಹೆಚ್ಚಾದವು. ತೀರಿಕೊಂಡ ಬಂಧುಗಳು ಬಂದ ಕನಸುಗಳೇ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟವು. ಎಲ್ಲಿಗೋ ಹೊರಡಲು ಸಿದ್ಧರಾಗುವ ಕನಸುಗಳೂ ಇದ್ದವು. ನಾವು ಯಾವುದಕ್ಕೆ ಅಂಜಿದ್ದೆವೋ ಅದೇ ಹೊರಡುವವರಿಗೆ ಊರುಗೋಲಾಗಿತ್ತು.

ನಮ್ಮ ಹಿರಿಯ ಗುರುಗಳ ಕೊನೆಯ ದಿನಗಳಲ್ಲಿ ಇದನ್ನು ನಾವೇ ಕಂಡೆವು. ಅವರು ಎಂಟು ವರ್ಷದ ಬಾಲಕರಿದ್ದಾಗ ತಾಯಿ ಅವರನ್ನು ಮಠಕ್ಕೆ ಒಪ್ಪಿಸಿ ಹೋಗಿದ್ದಳು. ಪೂರ್ವಾಶ್ರಮದ ಮಾತನ್ನು ಅವರು ಎಪ್ಪತ್ತು ವರ್ಷ ಎತ್ತಿದವರಲ್ಲ. ಒಂದು ಮುಂಜಾನೆ ಪೂಜೆ ಮುಗಿಸಿ ಮಲಗಿದವರು ನಮ್ಮನ್ನು ಹತ್ತಿರ ಕರೆದು, "ಮರೀ, ರಾತ್ರಿ ನಮ್ಮವ್ವ ಬಂದಿದ್ಲು. ಬುತ್ತಿ ಕಟಗೊಂಡು ಅಗಸಿಯಾಗ ನಿಂತಿದ್ಲು" ಎಂದರು. ನಮಗೆ ಐದನೆಯ ಅಧ್ಯಾಯ ನೆನಪಾಯಿತು, ಅದರ ಹಿಂದೆಯೇ ಹನ್ನೆರಡನೆಯದೂ ನೆನಪಾಯಿತು. ಏನೂ ಅರ್ಥ ಹೇಳಲಿಲ್ಲ. "ಬುತ್ತಿಯೊಳಗ ಏನಿತ್ತರೀ ಗುರುಗಳೇ?" ಎಂದು ಕೇಳಿದೆವು. ಗುರುಗಳು ಮಗುವಿನಂತೆ ನಕ್ಕು, "ಸಜ್ಜಿ ರೊಟ್ಟಿ, ಗುರೆಳ್ಳ ಹಿಂಡಿ" ಎಂದರು. ಹದಿಮೂರನೆಯ ದಿನ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದೇ ಲಿಂಗೈಕ್ಯರಾದರು. ಮುಖದಲ್ಲಿ ಭಯದ ಗೆರೆ ಇರಲಿಲ್ಲ.

ಆದ್ದರಿಂದ ಕೊನೆಗಾಲದ ಹಿರಿಯರು ಇಂಥ ಕನಸು ಹೇಳಿದರೆ ಮನೆಯವರು "ಸುಮ್ನಿರು, ಏನರ ಬಡಬಡಿಸಬ್ಯಾಡ" ಎಂದು ಗದರಿಸಬಾರದು. ಹೊರಗೆ ಹೋಗಿ ಅಳುವುದಕ್ಕಿಂತ ಒಳಗೆ ಕುಳಿತು ಕೇಳಬೇಕು. ಯಾರು ಬಂದಿದ್ದರು, ಏನು ಅಂದರು ಎಂದು ಪ್ರೀತಿಯಿಂದ ವಿಚಾರಿಸಬೇಕು. ಒಂದು ಎಚ್ಚರ ಮಾತ್ರ ಇರಲಿ. ಹಿರಿಯರು ಒಮ್ಮೆಲೆ ಗೊಂದಲಕ್ಕೆ ಬಿದ್ದು, ಮನೆಯವರ ಗುರುತು ಹತ್ತದೆ, ಹೆದರಿ ಕೂಗಾಡತೊಡಗಿದರೆ ಅದು ಸಮಾಧಾನದ ಕನಸಲ್ಲ. ಸೋಂಕು, ಮೈಯಲ್ಲಿ ಉಪ್ಪಿನಂಶ ಇಳಿದದ್ದು, ಔಷಧದ ದೋಷ ಏನಾದರೂ ಇರಬಹುದು. ಅದಕ್ಕೆ ವೈದ್ಯರು ಬೇಕು, ಮತ್ತು ಬಹಳ ಸಲ ಅದು ವಾಸಿಯಾಗುತ್ತದೆ.

ಕನಸು ಬಿದ್ದಾಗ ಮಾಡಬೇಕಾದದ್ದು

ಶಿವಯೋಗಿ ಶಿವಾಚಾರ್ಯರ ಸಿದ್ಧಾಂತ ಶಿಖಾಮಣಿಯ 101 ಸ್ಥಲಗಳಲ್ಲಿ ಮೊದಲನೆಯದು ಪಿಂಡಸ್ಥಲ, ಮೂರನೆಯದು ಸಂಸಾರಹೇಯಸ್ಥಲ. ಸಂಸಾರ ಅನಿತ್ಯವೆಂಬ ಅರಿವು ಭಕ್ತನ ಹಾದಿಯ ಮೊದಲ ಮೆಟ್ಟಿಲುಗಳಲ್ಲಿಯೇ ಇದೆ. ಸಾಯುತ್ತೇವೆಂದು ತಿಳಿಯಲು ನಮಗೆ ಕನಸು ಬೇಕಾಗಿಲ್ಲ. ಶರಣರು ಶಕುನಗಳಿಗೆ ಅಂಜಿದವರಲ್ಲ. ಲಿಂಗದಲ್ಲಿ ಒಂದಾಗುವುದನ್ನೇ ಮರಣವೆಂದು ತಿಳಿದವರಿಗೆ ಯಮನ ಕೋಣದ ಭಯವೆಲ್ಲಿಯದು?

ಆದುದರಿಂದ ಭಕ್ತರೇ, ಮನಸ್ಸು ಕಲಕುವ ಕನಸು ಬಿದ್ದರೆ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಮೊದಲನೆಯದು, ಈ ಎರಡು ಮೂರು ದಿನಗಳಲ್ಲಿ ನಾನು ಕಂಡದ್ದು, ಕೇಳಿದ್ದು, ಬಯಸಿದ್ದು ಇದರಲ್ಲಿ ಇದೆಯೇ? ಇದ್ದರೆ ಮುಖ ತೊಳೆದು ಕೆಲಸಕ್ಕೆ ಹೋಗಿರಿ. ಎರಡನೆಯದು, ಇದರ ಜೊತೆಗೆ ಮೈಯಲ್ಲಿ ಏನಾದರೂ ತೊಂದರೆ ಇದೆಯೇ? ಇದ್ದರೆ ಸಂಕೋಚವಿಲ್ಲದೆ ಆಸ್ಪತ್ರೆಗೆ ಹೋಗಿ, ಕನಸನ್ನೂ ವೈದ್ಯರಿಗೆ ಹೇಳಿರಿ. ಮೂರನೆಯದು, ನಾನು ಮಾಡದೆ ಉಳಿಸಿದ ಕೆಲಸ ಯಾವುದು? ತಮ್ಮನ ಜೊತೆ ಮಾತು ಬಿಟ್ಟಿದ್ದರೆ ಹೋಗಿ ಮಾತಾಡಿಸಿರಿ. ಯಾರದ್ದಾದರೂ ಋಣವಿದ್ದರೆ ತೀರಿಸಿರಿ. ಮಕ್ಕಳಿಗೆ ಹೊಲಮನೆಯ ವಿಚಾರ ಬರೆದಿಡಬೇಕಾಗಿದ್ದರೆ ಬರೆದಿಡಿರಿ. ಆ ಕೆಲಸಕ್ಕೆ ಮುಹೂರ್ತ ಬೇಕಿಲ್ಲ. ಹಾಗೆ ಮಾಡಿ ಇನ್ನೂ ಇಪ್ಪತ್ತು ವರ್ಷ ಬದುಕಿದರೆ ನಷ್ಟವೇನು?

ಕನಸು ಕಂಡವರ ಕರ್ತವ್ಯಕ್ಕಿಂತ ಕನಸು ಕೇಳಿದವರ ಕರ್ತವ್ಯ ದೊಡ್ಡದು. ಜ್ಯೋತಿಷಿಗಳಿರಲಿ, ಪೂಜಾರಿಗಳಿರಲಿ, ನಮ್ಮಂಥ ಮಠಾಧೀಶರಿರಲಿ, ಓಣಿಯ ಹಿರಿಯರಿರಲಿ, ಹೆದರಿ ಬಂದವರ ಎದೆಯಲ್ಲಿ ಇನ್ನಷ್ಟು ಭಯ ಬಿತ್ತಬಾರದು. ಬಿತ್ತಿದರೆ ನಮ್ಮಂತೆ ಅವರೂ ಒಂದು ದಿನ ನಡೆದು ಹೋಗಿ, ಆ ಮನೆಯ ಹೊಸ್ತಿಲಲ್ಲಿ ಕುಳಿತು, ಒಂದು ಬಟ್ಟಲು ಅಂಬಲಿ ಖಾಲಿಯಾಗುವುದನ್ನು ಕಾಯಬೇಕಾದೀತು.

ರಾತ್ರಿ ಹಣೆಗೆ ವಿಭೂತಿ ಧರಿಸಿ, ಹಗಲಿನ ದ್ವೇಷವನ್ನು ಹೊಸ್ತಿಲ ಹೊರಗೆ ಬಿಟ್ಟು, ಶಿವನನ್ನು ನೆನೆದು ಮಲಗಿರಿ. ಸರ್ವರಿಗೂ ನಿರ್ಭಯವಾದ ನಿದ್ರೆಯೂ, ಆರೋಗ್ಯವಾದ ಎಚ್ಚರವೂ ಲಭಿಸಲೆಂದು ಹಾರೈಸುತ್ತೇವೆ.